ಡ್ರೈಯರ್ ತಿರುಗುತ್ತದೆ, ಬಿಸಿಯಾಗಲ್ಲ: ಹೊಸ ಕಾಯಿಲ್ ತರಿಸುವ ಮೊದಲು ಏನೇನು ನೋಡಬೇಕು, ಯಾವ ಕ್ರಮದಲ್ಲಿ

ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಮಳೆ ಹಿಡಿದರೆ ಬಟ್ಟೆ ವಾರವಾದರೂ ಒಣಗಲ್ಲ. ಒಣಗಿದ ಹಾಗೆ ಕಂಡರೂ ಮುಗ್ಗಲು ವಾಸನೆ ಹೋಗಲ್ಲ. ಹಾಗಾಗಿ ಮೊದಲು ಹೋಂಸ್ಟೇಗಳಲ್ಲಿ ಕಾಣುತ್ತಿದ್ದ ಡ್ರೈಯರ್ ಈಗ ಎಷ್ಟೋ ಮನೆಗಳಿಗೂ ಬಂದಿದೆ. ಜೊತೆಗೆ ದೂರೂ ಬಂದಿದೆ: "ಡ್ರಮ್ ತಿರುಗುತ್ತೆ, ಬಿಸಿ ಬರಲ್ಲ."

ಆಗ ಬಹಳ ಜನ ಮಾಡುವುದು ಒಂದೇ ಕೆಲಸ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಹೊಸ ಹೀಟರ್ ಕಾಯಿಲ್ ತರಿಸುತ್ತಾರೆ. ಕೆಲವರಿಗೆ ಕಾಯಿಲ್ ಹಾಕಿದರೂ ಬಿಸಿ ಬರಲ್ಲ. ಇನ್ನು ಕೆಲವರಿಗೆ ನಾಲ್ಕು ದಿನ ಬಂದು ಮತ್ತೆ ನಿಲ್ಲುತ್ತದೆ. ಕಾಯಿಲ್ ಕೆಡುವುದು ಸುಳ್ಳಲ್ಲ. ಆದರೆ ಹುಡುಕುವಾಗ ಅದು ಕೊನೆಗೆ ಬರಬೇಕು. ಕರೆಂಟ್, ಸೆಟ್ಟಿಂಗ್, ಗಾಳಿ, ಈ ಮೂರನ್ನು ನೋಡಿ ಮುಗಿಸುವ ತನಕ ಸ್ಕ್ರೂ ಡ್ರೈವರ್ ಮುಟ್ಟಬೇಡಿ. ಕೆಳಗಿನ ಹಂತಗಳನ್ನು ಇದ್ದ ಕ್ರಮದಲ್ಲೇ ಮಾಡಿ, ನಡುವೆ ಹಾರಬೇಡಿ.

## ನಿಮ್ಮದು ಯಾವ ಬಗೆಯ ಡ್ರೈಯರ್?

ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್‌ನ ಪಕ್ಕದ ತೊಟ್ಟಿಯನ್ನೂ ನಾವು ಡ್ರೈಯರ್ ಅಂತಲೇ ಕರೆಯುತ್ತೇವೆ. ಅದರಲ್ಲಿ ಹೀಟರ್ ಇರುವುದೇ ಇಲ್ಲ. ಗರಗರ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಅದು ಬಿಸಿಯಾಗುತ್ತಿಲ್ಲ ಎಂದರೆ ರಿಪೇರಿ ಮಾಡಲು ಏನೂ ಇಲ್ಲ.

ಈ ಬರಹ ಮುಖ್ಯವಾಗಿ ವೆಂಟ್ ಡ್ರೈಯರ್ ಬಗ್ಗೆ. ಕೋಣೆಯ ಗಾಳಿ ಎಳೆದು, ಕಾಯಿಲ್ ಮೇಲೆ ಹಾಯಿಸಿ, ಒದ್ದೆ ಬಟ್ಟೆಯ ಮೂಲಕ ಕಳಿಸಿ, ಹಬೆ ತುಂಬಿದ ಗಾಳಿಯನ್ನು ಹೊರಗೆ ಬಿಡುವ ಯಂತ್ರ ಇದು. ಕಂಡೆನ್ಸರ್ ಡ್ರೈಯರ್‌ನಲ್ಲೂ ಕಾಯಿಲ್ ಇರುತ್ತದೆ. ಆದರೆ ಹಬೆ ಒಳಗೇ ನೀರಾಗಿ ಒಂದು ಡಬ್ಬಿಗೆ ಸೇರುತ್ತದೆ. ಡಬ್ಬಿ ತುಂಬಿದರೆ ಯಂತ್ರ ನಿಲ್ಲುತ್ತದೆ, ಕಂಡೆನ್ಸರ್ ಕಟ್ಟಿಕೊಂಡರೆ ಬಟ್ಟೆ ಒಣಗಲ್ಲ. ಅದನ್ನು ಹೊರಗೆಳೆದು ನಲ್ಲಿ ಕೆಳಗೆ ತೊಳೆಯಿರಿ, ಉಳಿದ ಹಂತಗಳು ಹೆಚ್ಚುಕಮ್ಮಿ ಇವೇ.

ಹೀಟ್ ಪಂಪ್ ಡ್ರೈಯರ್ ಆದರೆ ಕಥೆ ಬೇರೆ. ಅದರಲ್ಲಿ ಫ್ರಿಜ್‌ನಲ್ಲಿರುವಂತೆ ಕಂಪ್ರೆಸರ್ ಮತ್ತು ಗ್ಯಾಸ್ ಇರುತ್ತದೆ. ಗಾಳಿ ವೆಂಟ್ ಡ್ರೈಯರಿನಷ್ಟು ಬಿಸಿಯಾಗುವುದೂ ಇಲ್ಲ, ಅದು ದೋಷವಲ್ಲ. ಫಿಲ್ಟರ್ ಶುಚಿ ಮಾಡುವುದು ಬಿಟ್ಟು ಬೇರೇನನ್ನೂ ನೀವು ಮುಟ್ಟಬೇಡಿ. ವಾಷರ್-ಡ್ರೈಯರ್ ಎರಡೂ ಒಂದರಲ್ಲೇ ಇರುವ ಮೆಷಿನ್ ಬಿಚ್ಚುವುದು ಮನೆಯವರ ಕೆಲಸ ಅಲ್ಲ. ಅದಕ್ಕೆ ಹಂತ 1ರಿಂದ 3ರವರೆಗೆ ಮಾತ್ರ ನೋಡಿ.

## ಬೇಕಾದ ಸಾಮಾನು

ಮಲ್ಟಿಮೀಟರ್ ಬೇಕೇ ಬೇಕು. ಓಮ್, ಏಸಿ ವೋಲ್ಟ್ ಮತ್ತು ಬೀಪ್ (ದಾರಿ ತುಂಡಾಗಿಲ್ಲದಿದ್ದರೆ ಸದ್ದು ಮಾಡುವುದು) ಮೂರೂ ಇರುವಂಥದ್ದು ಸಾಕು, ದುಬಾರಿಯದ್ದು ಬೇಡ. ಸ್ಟಾರ್ ಮತ್ತು ಫ್ಲಾಟ್ ಸ್ಕ್ರೂ ಡ್ರೈವರ್, ಬಾಕ್ಸ್ ಸ್ಪ್ಯಾನರ್, ನೋಸ್ ಪ್ಲೈಯರ್, ಟಾರ್ಚ್, ಮೆತ್ತನೆ ಬ್ರಷ್, ಸಿಕ್ಕರೆ ವ್ಯಾಕ್ಯೂಮ್ ಕ್ಲೀನರ್. ಕೈಗೆ ದಪ್ಪ ಗ್ಲೌಸ್. ಒಳಗಿನ ತಗಡಿನ ಅಂಚು ಬ್ಲೇಡ್‌ನಷ್ಟು ಹರಿತ ಇರುತ್ತದೆ, ರಕ್ತ ಬಂದದ್ದು ಕೆಲಸ ಮುಗಿದ ಮೇಲೆ ಗೊತ್ತಾಗುತ್ತದೆ.

ನಿಯಾನ್ ಟೆಸ್ಟರ್ ಒಂದನ್ನೇ ನಂಬಿ ಕೂರಬೇಡಿ. ಕರೆಂಟ್ ಇದೆಯೋ ಇಲ್ಲವೋ ಎಂದಷ್ಟೇ ಅದು ಹೇಳುತ್ತದೆ. 230 ವೋಲ್ಟ್ ಇದ್ದರೂ ಅದೇ ದೀಪ, 160 ಇದ್ದರೂ ಅದೇ ದೀಪ. ನಮ್ಮ ಕಡೆ ಅರ್ಧ ಸಮಸ್ಯೆ ಇರುವುದೇ ಈ ವ್ಯತ್ಯಾಸದಲ್ಲಿ.

## ಹಂತ 1: ಬಿಚ್ಚದೆಯೇ ಲಕ್ಷಣ ಗುರುತಿಸಿ

ಒಂದು ಒದ್ದೆ ಟವೆಲ್ ಹಾಕಿ, ಅತಿ ಹೆಚ್ಚು ಬಿಸಿಯ ಸೆಟ್ಟಿಂಗ್‌ನಲ್ಲಿ 10 ನಿಮಿಷ ಓಡಿಸಿ. ಗಾಳಿ ಹೊರಬರುವ ಕಡೆ ಕೈ ಹಿಡಿದು ನೋಡಿ. ಏನು ಕಂಡಿತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಗಾಳಿ ಜೋರಾಗಿದೆ, ಆದರೆ ತಣ್ಣಗಿದೆ: ಹೀಟರ್‌ಗೆ ಕರೆಂಟ್ ಹೋಗುತ್ತಿಲ್ಲ. ಸೆಟ್ಟಿಂಗ್, ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಬಿಡಿಭಾಗ), ಕಾಯಿಲ್ ಮೇಲೆ ಅನುಮಾನ.

ಗಾಳಿ ಜೋರಾಗಿದೆ, ಉಗುರುಬೆಚ್ಚಗಿದೆ: ವೋಲ್ಟೇಜ್ ಕಡಿಮೆ, ಇಲ್ಲವೇ ಎರಡು ಕಾಯಿಲ್‌ಗಳಲ್ಲಿ ಒಂದು ಹೋಗಿದೆ.

ಗಾಳಿ ಸಣ್ಣಗೆ ಬರುತ್ತಿದೆ, ಡ್ರೈಯರ್ ಮೈ ಮಾತ್ರ ಸುಡುತ್ತಿದೆ: ಗಾಳಿ ದಾರಿ ಕಟ್ಟಿದೆ. ಈಗಲೇ ನಿಲ್ಲಿಸಿ. ಹಂತ 4ಕ್ಕೆ ಬರುವ ತನಕ ಮತ್ತೆ ಹಾಕಬೇಡಿ.

ಮೊದಲು ಬಿಸಿ ಬಂದು, ಐದಾರು ನಿಮಿಷಕ್ಕೆ ತಣ್ಣಗಾಗಿ, ಮತ್ತೆ ಬಿಸಿಯಾಗುತ್ತದೆ: ಬಿಸಿಯನ್ನು ಹದದಲ್ಲಿಡುವ ಸ್ವಿಚ್ ಆದ ಥರ್ಮೋಸ್ಟಾಟ್ ಹೀಗೆ ಬಿಟ್ಟು ಬಿಟ್ಟು ಕೆಲಸ ಮಾಡುವುದು ಸಹಜ. ತಣ್ಣಗಿರುವ ಹೊತ್ತೇ ಜಾಸ್ತಿಯಾದರೆ ಗಾಳಿ ದಾರಿ ನೋಡಿ.

ಮೋಟರ್ ಗುಂಯ್ ಅನ್ನುತ್ತದೆ, ಡ್ರಮ್ ತಿರುಗಲ್ಲ: ಅದು ಬೆಲ್ಟ್ ಅಥವಾ ಮೋಟರ್ ಸಮಸ್ಯೆ, ಈ ಬರಹದ ವ್ಯಾಪ್ತಿಯಲ್ಲಿಲ್ಲ.

ಹೀಟರ್ ಆನ್ ಆಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ದಾರಿ ಮನೆಯ ಕರೆಂಟ್ ಮೀಟರ್‌ನಲ್ಲೇ ಇದೆ. ಅದರ ಮೇಲೆ ಮಿನುಗುವ ಸಣ್ಣ ಕೆಂಪು ದೀಪವನ್ನು ನೋಡಿದ್ದೀರಿ ಅಲ್ವಾ? ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗಬೇಕು ಎಂದು ಮೀಟರ್ ಮುಖದ ಮೇಲೇ ಅಚ್ಚಾಗಿರುತ್ತದೆ. ಕೆಲವದರಲ್ಲಿ 1600, ಕೆಲವದರಲ್ಲಿ 3200. ಫ್ರಿಜ್, ಗೀಸರ್, ಪಂಪ್ ಎಲ್ಲ ಆಫ್ ಮಾಡಿ, ಡ್ರೈಯರ್ ಒಂದನ್ನೇ ಓಡಿಸಿ. 3200ರ ಮೀಟರ್ ಆಗಿದ್ದು, ಕಾಯಿಲ್ 2000 ವ್ಯಾಟ್, ಮೋಟರ್ ಸುಮಾರು 200 ವ್ಯಾಟ್ ಅಂದುಕೊಳ್ಳಿ. ಹೀಟರ್ ಉರಿಯುತ್ತಿದ್ದರೆ ದೀಪ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ ಮಿನುಗುತ್ತದೆ. ಬರೀ ಮೋಟರ್ ತಿರುಗುತ್ತಿದ್ದರೆ ಐದಾರು ಸೆಕೆಂಡಿಗೆ ಒಂದೇ ಸಲ. ಇದಕ್ಕೆ ಲೆಕ್ಕ ಬೇಕಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ಎರಡಕ್ಕೂ ನಡುವಿನ ವೇಗ ಕಂಡರೆ ಹಾಫ್ ಹೀಟ್ ಒತ್ತಿದೆ, ಇಲ್ಲವೇ ಒಂದು ಕಾಯಿಲ್ ಸತ್ತಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ.

## ಹಂತ 2: ಕರೆಂಟ್ ಸರಿಯಾಗಿ ಬರುತ್ತಿದೆಯೇ?

ಡ್ರೈಯರ್ ಆಫ್ ಇದ್ದಾಗ ವೋಲ್ಟೇಜ್ ಅಳೆದು "230 ಇದೆ, ಎಲ್ಲ ಸರಿ ಇದೆ" ಅನ್ನುವುದು ಸಾಮಾನ್ಯ ತಪ್ಪು. ಡ್ರೈಯರ್ ಓಡುತ್ತಿರುವಾಗಲೇ ಅಳೆಯಬೇಕು. ಪಕ್ಕದ ಸಾಕೆಟ್‌ನಲ್ಲಿ ಮೀಟರ್ ಕಡ್ಡಿ ಇಟ್ಟು ನೋಡಿ. ಕಡ್ಡಿಯ ಲೋಹದ ತುದಿಗೆ ಬೆರಳು ತಾಗಬಾರದು, ಕಾಲಲ್ಲಿ ಒಣ ಚಪ್ಪಲಿ ಇರಲಿ. ಸಾಕೆಟ್ ಮುಟ್ಟಿ ಅಭ್ಯಾಸ ಇಲ್ಲದಿದ್ದರೆ ಇದೊಂದನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಇದು ಯಾಕೆ ಇಷ್ಟು ಮುಖ್ಯ? ಹೀಟರ್‌ನ ಶಕ್ತಿ ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದಕ್ಕಿಂತ ಜಾಸ್ತಿ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಕೊಡುವ ಕಾಯಿಲ್ 200 ವೋಲ್ಟ್‌ನಲ್ಲಿ ಸುಮಾರು 1500 ವ್ಯಾಟ್ ಕೊಡುತ್ತದೆ. 180 ವೋಲ್ಟ್‌ನಲ್ಲಿ 1225. 160ಕ್ಕೆ ಇಳಿದರೆ ಅರ್ಧವೂ ಇಲ್ಲ. ಡ್ರಮ್ ಮಾತ್ರ ಏನೂ ಆಗದ ಹಾಗೆ ತಿರುಗುತ್ತಿರುತ್ತದೆ. ತೋಟದ ಒಳಗೆ, ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ಹೊತ್ತು ಇದು ಮಾಮೂಲು. ಎಲ್ಲರ ಮನೆಯ ಗೀಸರ್ ಒಟ್ಟಿಗೆ ಆನ್ ಆಗುವ ಹೊತ್ತು ಬಿಟ್ಟು ಮಧ್ಯಾಹ್ನ ಓಡಿಸಿ ನೋಡಿ. ಮಧ್ಯಾಹ್ನ ಚೆನ್ನಾಗಿ ಒಣಗಿ ಸಂಜೆ ಒಣಗದಿದ್ದರೆ ಡ್ರೈಯರ್‌ನಲ್ಲಿ ದೋಷವೇ ಇಲ್ಲ.

ಸ್ಟೆಬಿಲೈಜರ್ ಹಾಕಬಹುದು, ಆದರೆ ಟೀವಿಯದ್ದೋ ಫ್ರಿಜ್‌ನದ್ದೋ ಅಲ್ಲ. 2000 ವ್ಯಾಟ್ ಡ್ರೈಯರ್‌ಗೆ ಕನಿಷ್ಠ 3 ಕೆವಿಎ ಬೇಕು. ವೋಲ್ಟೇಜ್ ಏರಿಸುವಾಗ ಅದು ಲೈನಿನಿಂದ ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ ಎಂಬುದೂ ನೆನಪಿರಲಿ. ವೈರಿಂಗ್ ಹಳೆಯದಾಗಿದ್ದರೆ ಮೊದಲು ವೈರಿಂಗ್ ನೋಡಿಸಿ.

ಮನೆಯ ಯುಪಿಎಸ್ ಮೇಲೆ ಡ್ರೈಯರ್ ಹಾಕಲೇಬೇಡಿ. ಹೋಂಸ್ಟೇಗಳಲ್ಲಿರುವ 2 ಕೆವಿಎಯ ಸಣ್ಣ ಜನರೇಟರ್ ಕೂಡ ಇದನ್ನು ಎಳೆಯುವುದಿಲ್ಲ. "ಕರೆಂಟ್ ಹೋದಾಗ ಜನರೇಟರ್‌ನಲ್ಲಿ ಬಿಸಿ ಬರಲ್ಲ" ಎಂದರೆ ಉತ್ತರ ಜನರೇಟರ್‌ನಲ್ಲೇ ಇದೆ.

ಆಮೇಲೆ ಪ್ಲಗ್ ನೋಡಿ. ಅರ್ಧ ಗಂಟೆ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು ಅದರ ಮೈ ಮುಟ್ಟಿ. ಕೊಂಚ ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಿದ್ದರೆ, ಪಿನ್ ಕಪ್ಪಾಗಿದ್ದರೆ, ಸಾಕೆಟ್ ಪ್ಲಾಸ್ಟಿಕ್ ಹಳದಿ ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಬದಲಾಯಿಸಬೇಕು. ಡ್ರೈಯರ್ ಎಳೆಯುವುದು 9 ಆಂಪ್ ಆಸುಪಾಸು. 16 ಆಂಪ್ ಪವರ್ ಪ್ಲಗ್, ಪ್ರತ್ಯೇಕ ವೈರ್, ಸರಿಯಾದ ಅರ್ಥಿಂಗ್ ಇರಲೇಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

## ಹಂತ 3: ಸೆಟ್ಟಿಂಗ್ ಮತ್ತು ಬಟ್ಟೆ

ಇದು ಸಣ್ಣ ವಿಷಯ ಅನಿಸಬಹುದು, ಆದರೂ ನೋಡಿ. ತಣ್ಣನೆ ಗಾಳಿಯ ಪ್ರೋಗ್ರಾಂ ಆಯ್ಕೆಯಾಗಿದೆಯೇ? ಹಾಫ್ ಹೀಟ್ ಬಟನ್ ಒತ್ತಿದೆಯೇ? ಟೈಮರ್ ಗುಂಡಿಯ ಕೊನೆಯ ಕೆಲವು ನಿಮಿಷ ಹೀಟರ್ ತಾನಾಗಿಯೇ ಆಫ್ ಆಗಿ ಬಟ್ಟೆ ತಣ್ಣಗಾಗುವಂತೆ ಮಾಡಿರುತ್ತಾರೆ. ಅಲ್ಲಿಗೆ ತಿರುಗಿಸಿಟ್ಟು ಬಿಸಿ ಕಾಯುತ್ತಾ ಕೂತರೆ ಬರಲ್ಲ.

ಬಟ್ಟೆ ಸರಿಯಾಗಿ ಹಿಂಡಿದೆಯೇ ಎಂಬುದು ಇನ್ನೂ ಮುಖ್ಯ. ಒಂದು ಲೀಟರ್ ನೀರನ್ನು ಹಬೆ ಮಾಡಲು ಸುಮಾರು 0.63 ಯೂನಿಟ್ ಶಕ್ತಿ ಬೇಕು. 2000 ವ್ಯಾಟ್ ಕಾಯಿಲ್ ಏನೂ ನಷ್ಟವಿಲ್ಲದೆ ಕೆಲಸ ಮಾಡಿದರೂ ಲೀಟರಿಗೆ 19 ನಿಮಿಷ. ನಿಜದಲ್ಲಿ ಇನ್ನೂ ಜಾಸ್ತಿ. 180 ವೋಲ್ಟ್ ಬರುವ ಮನೆಯಲ್ಲಿ ಅದೇ ಲೀಟರಿಗೆ ಅರ್ಧ ಗಂಟೆ ದಾಟುತ್ತದೆ. ಕೈಯಲ್ಲಿ ಹಿಂಡಿದ ಜೀನ್ಸ್, ಬೆಡ್‌ಶೀಟ್, ಟವೆಲ್ ಎಲ್ಲ ಒಟ್ಟಿಗೆ ತುರುಕಿದರೆ ಒಳಗೆ ನಾಲ್ಕೈದು ಲೀಟರ್ ನೀರು ಇರುತ್ತದೆ. ಒಂದು ಗಂಟೆಗೆ ಒಣಗಲಿಲ್ಲ ಎಂದು ಡ್ರೈಯರ್ ಬೈದರೆ ಏನು ಪ್ರಯೋಜನ? ವಾಷಿಂಗ್ ಮೆಷಿನ್‌ನಲ್ಲಿ ಇನ್ನೊಂದು ಸಲ ಸ್ಪಿನ್ ಮಾಡಿ, ನಂತರ ಹಾಕಿ.

ಸೆನ್ಸರ್ ಇರುವ ಮಾಡೆಲ್ ಒದ್ದೆ ಬಟ್ಟೆಯನ್ನೇ "ಒಣಗಿದೆ" ಎಂದು ನಿಲ್ಲಿಸುತ್ತಿದ್ದರೆ, ಡ್ರಮ್ ಬಾಯಿಯ ಹತ್ತಿರ ಇರುವ ಎರಡು ಲೋಹದ ಪಟ್ಟಿಗಳನ್ನು ನೋಡಿ. ಕಂಫರ್ಟ್ ತರಹದ ಮೃದುಕಾರಿ ದ್ರವದ ಪದರ ಅದರ ಮೇಲೆ ಕೂತಿರುತ್ತದೆ. ವಿನೆಗರ್ ಹಾಕಿದ ಬಟ್ಟೆಯಿಂದ ಒರೆಸಿ.

## ಹಂತ 4: ಗಾಳಿಯ ದಾರಿ

ಇಲ್ಲಿ ಆತುರ ಬೇಡ, ಹೆಚ್ಚಿನ ಡ್ರೈಯರ್‌ಗಳು ಕೆಡುವುದು ಇಲ್ಲೇ. ಗಾಳಿ ಕಡಿಮೆಯಾದರೆ ಕಾಯಿಲ್‌ನ ಬಿಸಿ ಬಟ್ಟೆಗೆ ತಲುಪದೆ ಅದರ ಸುತ್ತಲೇ ನಿಲ್ಲುತ್ತದೆ. ಥರ್ಮೋಸ್ಟಾಟ್ ಮತ್ತೆ ಮತ್ತೆ ಆಫ್ ಮಾಡುತ್ತದೆ. ಅದೂ ಸಾಲದಾದಾಗ ಥರ್ಮಲ್ ಫ್ಯೂಸ್ ಹೋಗುತ್ತದೆ. ಗಾಳಿ ದಾರಿ ಸರಿಮಾಡದೆ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ನಾಪೋಕ್ಲು ಹತ್ತಿರದ ಒಂದು ಹೋಂಸ್ಟೇಯಲ್ಲಿ ಕಾಯಿಲ್ ಎರಡು ಸಲ ಬದಲಾಗಿತ್ತು. ಕೊನೆಗೆ ಸಿಕ್ಕಿದ್ದು ಹೊರಗಿನ ಪೈಪ್ ಬಾಯಲ್ಲಿ ಕಣಜ ಕಟ್ಟಿದ್ದ ಮಣ್ಣಿನ ಗೂಡು, ಅದರ ಹಿಂದೆ ಒತ್ತಿ ನಿಂತಿದ್ದ ಮುಷ್ಟಿಯಷ್ಟು ಹತ್ತಿ ಜುಂಗು. ಗೂಡು ಒಡೆದು ಜುಂಗು ಎಳೆದ ಮೇಲೆ ಹೊಸ ಫ್ಯೂಸ್ ಒಂದೇ ಸಾಕಾಯಿತು.

ಲಿಂಟ್ ಫಿಲ್ಟರ್: ಬಟ್ಟೆಯಿಂದ ಬಿಡುವ ಜುಂಗನ್ನು ಹಿಡಿಯುವ ಜಾಲರಿ ಇದು. ಪ್ರತಿ ಸಲ ತೆಗೆಯುತ್ತೇವೆ ಅನ್ನುವವರೂ ಒಂದು ಪರೀಕ್ಷೆ ಮಾಡಿ. ಖಾಲಿ ಜಾಲರಿಯನ್ನು ನಲ್ಲಿ ಕೆಳಗೆ ಅಡ್ಡ ಹಿಡಿದು ನೀರು ಬಿಡಿ. ನೀರು ಸಲೀಸಾಗಿ ಇಳಿಯಬೇಕು. ಮೇಲೆ ನಿಂತರೆ ಕಣ್ಣಿಗೆ ಕಾಣದ ಜಿಡ್ಡಿನ ಪದರ ಇದೆ ಎಂದರ್ಥ. ಪಾತ್ರೆ ಸೋಪು, ಹಳೆ ಹಲ್ಲುಜ್ಜುವ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹರಿದ ಜಾಲರಿಯನ್ನು ಹೊಲಿದು ಬಳಸಬೇಡಿ, ಬದಲಾಯಿಸಿ. ಫಿಲ್ಟರ್ ಕೂರುವ ಗೂಡಿನೊಳಗೂ ಟಾರ್ಚ್ ಬಿಟ್ಟು ಬ್ರಷ್ ಆಡಿಸಿ.

ಪೈಪ್: ಹಿಂದೆ ಗೋಡೆಗೆ ಒತ್ತಿ ಮಡಿಚಿಕೊಂಡಿದೆಯೇ? ನಡುವೆ ಜೋತುಬಿದ್ದು ಅಲ್ಲಿ ನೀರು ನಿಂತಿದೆಯೇ? ನಮ್ಮ ತಂಪು ಹವೆಯಲ್ಲಿ ಹಬೆ ಪೈಪ್‌ನಲ್ಲೇ ನೀರಾಗುತ್ತದೆ, ಜುಂಗು ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ. ಪೈಪ್ ಆದಷ್ಟು ಗಿಡ್ಡ, ಆದಷ್ಟು ನೇರ, ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು ಇರಲಿ. ತೆಳು ಪ್ಲಾಸ್ಟಿಕ್ ಪೈಪ್ ಬದಲು ಲೋಹದ್ದು ಹಾಕಿ.

ಹೊರಗಿನ ಬಾಯಿ: ಡ್ರೈಯರ್ ಓಡುವಾಗ ಮುಚ್ಚಳ ಪೂರ್ತಿ ತೆರೆಯಬೇಕು. ಒಂದು ಹಾಳೆ ಟಿಶ್ಯೂ ಹಿಡಿದರೆ ಅದು ಜೋರಾಗಿ ಹಾರಬೇಕು. ಸುಮ್ನೆ ಅಲ್ಲಾಡಿದರೆ ಸಾಲದು. ಮಳೆ ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಪೈಪ್ ಬಾಯಿ ಆ ಕಡೆ ಇದ್ದರೆ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಗಾಳಿ ಮುಚ್ಚಳವನ್ನು ಒಳಗೇ ಒತ್ತಿ ಹಿಡಿಯುತ್ತದೆ. ಸಾಧ್ಯವಿದ್ದರೆ ಪೂರ್ವದ ಗೋಡೆಗೆ ತಿರುಗಿಸಿ. ಕಣಜ, ಹಲ್ಲಿ, ಇಲಿ ಬರುತ್ತವೆ ಎಂದು ಸೊಳ್ಳೆ ಜಾಲರಿ ಕಟ್ಟಬೇಡಿ. ಎರಡೇ ವಾರದಲ್ಲಿ ಅದರ ಮೇಲೆ ಜುಂಗು ಕಂಬಳಿಯಾಗುತ್ತದೆ. ಜೂನ್‌ಗೆ ಮೊದಲು ಒಮ್ಮೆ ಏಣಿ ಹಾಕಿ ನೋಡಿ, ಸಾಕು.

ಕೋಣೆ: "ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಡ್ರೈಯರ್ ಹೇಗೆ ಒಣಗಿಸುತ್ತೆ?" ಅನ್ನುತ್ತಾರೆ. ಇದು ತಪ್ಪು. 20 ಡಿಗ್ರಿಯಲ್ಲಿ ಶೇ. 90 ತೇವಾಂಶ ಇರುವ ಗಾಳಿಯನ್ನು 65 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ. 8-9ಕ್ಕೆ ಇಳಿಯುತ್ತದೆ. ಅಂಥ ಗಾಳಿ ನೀರನ್ನು ಚೆನ್ನಾಗಿಯೇ ಹೀರುತ್ತದೆ. ಆದರೆ ಪೈಪ್ ಹಾಕದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಡ್ರೈಯರ್ ಓಡಿಸಿದರೆ ಬಿಟ್ಟ ಹಬೆಯನ್ನೇ ಅದು ಮತ್ತೆ ಎಳೆಯುತ್ತದೆ. ಗೋಡೆ ಬೆವರುತ್ತದೆ, ಬಟ್ಟೆ ಒಣಗಲ್ಲ. ಕಿಟಕಿ ತೆರೆದಿಡಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕಿ. ಪೈಪನ್ನು ಅಟ್ಟಕ್ಕೆ ಬಿಡುವುದಂತೂ ಬೇಡ. ಅಲ್ಲಿಟ್ಟ ಕರಿಮೆಣಸಿಗೂ ಬೂಸ್ಟು ಬರುತ್ತದೆ, ತೊಲೆಗೂ ಬರುತ್ತದೆ.

ಇಷ್ಟು ಮಾಡಿ ಹಂತ 1ರ ಪರೀಕ್ಷೆ ಮತ್ತೆ ಮಾಡಿ. ಬಿಸಿ ಬಂದರೆ ಇಲ್ಲಿಗೇ ನಿಲ್ಲಿಸಿ.

## ಹಂತ 5: ಬಿಚ್ಚುವುದು

ವಾರಂಟಿ ಇದ್ದರೆ ಬಿಚ್ಚಬೇಡಿ, ಕಂಪನಿಯವರನ್ನು ಕರೆಯಿರಿ. ಸ್ಟಿಕ್ಕರ್ ಹರಿದ ಮೇಲೆ ವಾದ ಮಾಡಿ ಗೆಲ್ಲುವುದು ಕಷ್ಟ.

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಹೊರಗೆ ಎಳೆದು, ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಕರೆಂಟ್ ಹೋಗಿರುವ ಹೊತ್ತು ನೋಡಿ ಪ್ಲಗ್ ತೆಗೆಯದೆ ಬಿಚ್ಚುವವರಿದ್ದಾರೆ. ಲೈನ್ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರಲ್ಲ. ಈಗಷ್ಟೇ ಓಡಿಸಿದ್ದರೆ ಅರ್ಧ ಗಂಟೆ ಆರಲು ಬಿಡಿ. ಮೋಟರ್ ಪಕ್ಕದ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ ಚಾರ್ಜ್ ಉಳಿದಿರಬಹುದು. ಅದರ ತುದಿಗಳನ್ನು ಮುಟ್ಟಬೇಡಿ.

ಬಹಳಷ್ಟು ವೆಂಟ್ ಡ್ರೈಯರ್‌ಗಳಲ್ಲಿ ಹಿಂದಿನ ತಗಡು ಬಿಚ್ಚಿದರೆ ಹೀಟರ್ ಡಬ್ಬಿ ಸಿಗುತ್ತದೆ. ಪ್ರತಿ ವೈರ್ ಕಳಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಜೋಡಿಸಿ. ವೈರ್ ಎಳೆಯುವಾಗ ಲೋಹದ ಕ್ಲಿಪ್ಪನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ಎಳೆಯಿರಿ, ವೈರನ್ನೇ ಎಳೆದರೆ ಒಳಗೆ ತುಂಡಾಗುತ್ತದೆ.

ಮೊದಲ ಕೆಲಸ ಕಣ್ಣಿನದು. ಕಂದು ಬಣ್ಣಕ್ಕೆ ತಿರುಗಿದ ಕ್ಲಿಪ್, ಗರಿಗರಿಯಾದ ವೈರ್ ಕವಚ, ಕರಗಿದ ಪ್ಲಾಸ್ಟಿಕ್ ಕಂಡರೆ ಅಲ್ಲೇ ಅರ್ಧ ಉತ್ತರ ಸಿಕ್ಕಿದೆ. ಅದಕ್ಕೆ ಬಿಸಿ ತಡೆಯುವ ಕವಚದ ವೈರ್ ಮತ್ತು ಹೊಸ ಕ್ರಿಂಪ್ ಕ್ಲಿಪ್ ಹಾಕಬೇಕು. ಇನ್ಸುಲೇಶನ್ ಟೇಪ್ ಸುತ್ತಿದರೆ ಅಲ್ಲಿನ ಬಿಸಿಗೆ ಅದು ಒಂದು ವಾರ ಬಾಳಲ್ಲ. ಒಳಗೆ ಸೇರಿದ ಜುಂಗನ್ನೂ ಈಗಲೇ ತೆಗೆದುಬಿಡಿ.

## ಹಂತ 6: ಥರ್ಮಲ್ ಫ್ಯೂಸ್ ಮತ್ತು ಥರ್ಮೋಸ್ಟಾಟ್

ಹೀಟರ್ ಡಬ್ಬಿಯ ಮೇಲೆ ಅಥವಾ ಗಾಳಿ ಕೊಳವೆಯ ಮೇಲೆ ನಾಣ್ಯದಷ್ಟು ಅಗಲದ, ಎರಡು ಕಾಲಿನ ಸಣ್ಣ ಬಿಡಿಭಾಗಗಳಿರುತ್ತವೆ. ಒಂದು ಥರ್ಮೋಸ್ಟಾಟ್, ಇನ್ನೊಂದು ಥರ್ಮಲ್ ಕಟ್-ಆಫ್ ಅಥವಾ ಫ್ಯೂಸ್. ಪ್ರತಿಯೊಂದರ ಒಂದು ವೈರನ್ನಾದರೂ ಕಳಚಿಯೇ ಅಳೆಯಿರಿ. ವೈರ್ ಹಾಗೇ ಬಿಟ್ಟು ಅಳೆದರೆ ಬೇರೆ ದಾರಿಯ ಮೂಲಕ ಬೀಪ್ ಬಂದು ಮೋಸ ಹೋಗುತ್ತೀರಿ.

ತಣ್ಣಗಿರುವಾಗ ಎರಡೂ ಬೀಪ್ ಕೊಡಬೇಕು, ಓಮ್ ಸೊನ್ನೆಯ ಹತ್ತಿರ ಇರಬೇಕು. ಬೀಪ್ ಇಲ್ಲದಿದ್ದರೆ ಅದು ಹೋಗಿದೆ. ಕೆಲವು ಕಟ್-ಆಫ್‌ಗಳ ನಡುವೆ ಸಣ್ಣ ಕೆಂಪು ಗುಂಡಿ ಇರುತ್ತದೆ. ಒಮ್ಮೆ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಮತ್ತೆ ಟ್ರಿಪ್ ಆದರೆ ಇನ್ನೊಮ್ಮೆ ಒತ್ತುತ್ತಾ ಕೂರಬೇಡಿ, ಹಂತ 4ಕ್ಕೆ ವಾಪಸ್ ಹೋಗಿ.

ಹೊಸದು ತರುವಾಗ ಮೈಮೇಲೆ ಬರೆದ ಡಿಗ್ರಿ ಮತ್ತು ಆಂಪ್ ಎರಡೂ ಹಳೆಯದರಷ್ಟೇ ಇರಬೇಕು. "ಸ್ವಲ್ಪ ಜಾಸ್ತಿ ಡಿಗ್ರಿಯದ್ದು ಹಾಕಿ, ಪದೇ ಪದೇ ಹೋಗಲ್ಲ" ಎಂಬ ಸಲಹೆ ಕೇಳಬೇಡಿ.

ಇನ್ನೊಂದು ಅಪಾಯದ ಕೆಲಸ: ಫ್ಯೂಸ್ ತೆಗೆದು ಎರಡು ವೈರನ್ನು ನೇರ ಸೇರಿಸುವುದು. ಹಾಗೆ ಮಾಡಿದರೆ ಡ್ರೈಯರ್ ಬಿಸಿಯಾಗುತ್ತದೆ, ಹೌದು. ಆದರೆ ಜುಂಗಿಗೆ ಬೆಂಕಿ ಹಿಡಿಯುವ ಮೊದಲು ಅದನ್ನು ನಿಲ್ಲಿಸಲು ಒಳಗೆ ಏನೂ ಉಳಿದಿರಲ್ಲ. ಪರೀಕ್ಷೆಗೆಂದು ಎರಡು ನಿಮಿಷವೂ ಹೀಗೆ ಓಡಿಸಬೇಡಿ. ಮಲ್ಟಿಮೀಟರ್ ಇರುವಾಗ ಅದರ ಅಗತ್ಯವೂ ಇಲ್ಲ.

ಡಿಜಿಟಲ್ ಮಾಡೆಲ್‌ಗಳಲ್ಲಿ ಎನ್‌ಟಿಸಿ ಎಂಬ ಬಿಸಿ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಇದು ಬೀಪ್ ಕೊಡಲ್ಲ, ಓಮ್ ಅಳೆಯಬೇಕು. ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ಮುಷ್ಟಿಯಲ್ಲಿ ಹಿಡಿದು ನೋಡಿ, ಅಂಕಿ ನಿಧಾನವಾಗಿ, ಜಿಗಿಯದೆ ಇಳಿಯಬೇಕು. ಪೂರ್ತಿ ಓಪನ್ (ಕರೆಂಟ್ ಹರಿಯುವ ದಾರಿಯೇ ಇಲ್ಲ ಎಂದು) ಅಥವಾ ಸೊನ್ನೆ ತೋರಿಸಿದರೆ ಕೆಟ್ಟಿದೆ. ಕೈಪಿಡಿಯಲ್ಲಿ ಕೊಡುವ ಅಂಕಿ ಸಾಮಾನ್ಯವಾಗಿ 25 ಡಿಗ್ರಿಯದ್ದು. ಜುಲೈಯಲ್ಲಿ ಮಡಿಕೇರಿಯ ಕೋಣೆ 18 ಡಿಗ್ರಿ ಇದ್ದಾಗ, 10 ಕಿಲೋಓಮ್‌ನ ಸೆನ್ಸರ್ 13ರ ಆಸುಪಾಸು ತೋರಿಸುತ್ತದೆ. ಅದನ್ನು ನೋಡಿ ಸೆನ್ಸರ್ ಕೆಟ್ಟಿದೆ ಎಂದು ಎಸೆಯಬೇಡಿ.

## ಹಂತ 7: ಈಗ ಕಾಯಿಲ್

ಕಾಯಿಲ್‌ನ ಎರಡೂ ವೈರ್ ಕಳಚಿ. ಎಷ್ಟು ಓಮ್ ಇರಬೇಕು ಎಂದು ನೀವೇ ಲೆಕ್ಕ ಹಾಕಬಹುದು: ವೋಲ್ಟೇಜನ್ನು ಅದರಿಂದಲೇ ಗುಣಿಸಿ, ವ್ಯಾಟ್‌ನಿಂದ ಭಾಗಿಸಿ. 230 ವೋಲ್ಟ್, 2000 ವ್ಯಾಟ್ ಆದರೆ ಸುಮಾರು 26 ಓಮ್. 1000 ವ್ಯಾಟ್‌ನ ಎರಡು ಕಾಯಿಲ್ ಇದ್ದರೆ ಒಂದೊಂದೂ ಸುಮಾರು 53. ಒಂದೆರಡು ಓಮ್ ಆಚೀಚೆ ಇದ್ದರೆ ಪರವಾಗಿಲ್ಲ. ಓಪನ್ ತೋರಿಸಿದರೆ ತಂತಿ ತುಂಡಾಗಿದೆ.

ಇಲ್ಲಿಗೆ ನಿಲ್ಲಿಸಬೇಡಿ. ಕಾಯಿಲ್‌ನ ತುದಿಗೂ ಡಬ್ಬಿಯ ತಗಡಿಗೂ ನಡುವೆ ಅಳೆಯಿರಿ. ಅಲ್ಲಿ ಓಪನ್ ಇರಲೇಬೇಕು. ಏನಾದರೂ ಓಮ್ ತೋರಿಸಿದರೆ ಕಾಯಿಲ್ ಸಡಿಲವಾಗಿ ಮೈಗೆ ತಾಗುತ್ತಿದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುವುದು, ಡ್ರೈಯರ್ ಮುಟ್ಟಿದರೆ ಜುಂ ಅನ್ನುವುದು ಇದರಿಂದಲೇ. ಅಂಥ ಕಾಯಿಲ್ ಬಿಸಿಯಾಗುತ್ತಿದ್ದರೂ ಬಳಸುವಂತಿಲ್ಲ.

ತುಂಡಾದ ಎರಡು ತುದಿ ತಿರುಚಿ ಜೋಡಿಸುವ ಹಳೆ ಇಸ್ತ್ರಿ ಪೆಟ್ಟಿಗೆಯ ವಿದ್ಯೆ ಇಲ್ಲಿ ಬೇಡ. ಜೋಡಣೆಯ ಜಾಗವೇ ಅತಿ ಹೆಚ್ಚು ಕಾದು ಮತ್ತೆ ತುಂಡಾಗುತ್ತದೆ, ತುಂಡಾಗುವಾಗ ಕಿಡಿ ಹಾರುತ್ತದೆ. ಹೊಸ ಕಾಯಿಲ್ ಆರ್ಡರ್ ಮಾಡುವಾಗ ಹಿಂದಿನ ಸ್ಟಿಕ್ಕರ್‌ನ ಫೋಟೊ ಕಳಿಸಿ, ಮಾಡೆಲ್ ನಂಬರ್ ಬಾಯಲ್ಲಿ ಹೇಳಬೇಡಿ. ಜೊತೆಗೆ ಒಂದು ಥರ್ಮಲ್ ಫ್ಯೂಸ್ ಜಾಸ್ತಿ ತರಿಸಿಟ್ಟುಕೊಳ್ಳಿ. ರಸ್ತೆಗೆ ಮಣ್ಣು ಜರಿದು ಪಾರ್ಸೆಲ್ ಕುಶಾಲನಗರದಲ್ಲೇ ನಿಂತಾಗ ಕೆಲಸಕ್ಕೆ ಬರುತ್ತದೆ.

ಫ್ಯೂಸ್, ಥರ್ಮೋಸ್ಟಾಟ್, ಕಾಯಿಲ್, ವೈರ್ ನಾಲ್ಕೂ ಸರಿ ಇದ್ದು ಬಿಸಿ ಬರದಿದ್ದರೆ ಉಳಿದಿರುವುದು ಟೈಮರ್, ಬೋರ್ಡಿನ ರಿಲೇ, ಅಥವಾ ಮೋಟರ್ ತಿರುಗಿದ ಮೇಲಷ್ಟೇ ಹೀಟರ್‌ಗೆ ಕರೆಂಟ್ ಬಿಡುವ ಸ್ವಿಚ್. ಇವನ್ನು ನೋಡಲು ಕರೆಂಟ್ ಇರುವಾಗಲೇ ಒಳಗೆ ಅಳೆಯಬೇಕು. ಅಲ್ಲಿಗೆ ಮೆಕ್ಯಾನಿಕ್ ಕರೆಯಿರಿ. ಏಪ್ರಿಲ್-ಮೇ ಗುಡುಗು ಸಿಡಿಲಿನ ನಂತರ ಬಿಸಿ ನಿಂತಿದ್ದರೆ ಬೋರ್ಡಿನ ಮೇಲೆ ಮೊದಲ ಅನುಮಾನ. ಆ ತಿಂಗಳುಗಳಲ್ಲಿ ಬಳಸದಾಗ ಪ್ಲಗ್ ತೆಗೆದಿಡುವುದು ಒಳ್ಳೆಯದು.

## ಹಂತ 8: ಮುಚ್ಚಿ ಪರೀಕ್ಷಿಸುವುದು

ಫೋಟೊ ನೋಡಿಕೊಂಡು ವೈರ್ ಹಾಕಿ. ಪ್ರತಿ ಕ್ಲಿಪ್ ಬಿಗಿಯಾಗಿ ಕೂತಿದೆಯೇ ನೋಡಿ, ಸಡಿಲ ಇದ್ದರೆ ಅಲ್ಲೇ ಸುಡುತ್ತದೆ. ಯಾವ ವೈರೂ ಡ್ರಮ್‌ಗೆ, ಬೆಲ್ಟ್‌ಗೆ ತಾಗಬಾರದು. ಅರ್ಥ್ ವೈರ್ ತಗಡಿಗೆ ಸೇರಿದೆಯೇ ಎಂದು ಎರಡು ಸಲ ನೋಡಿ. ಹಿಂದಿನ ತಗಡು ಹಾಕದೆ ಓಡಿಸಬೇಡಿ. ತಗಡು ಇಲ್ಲದಿದ್ದರೆ ಗಾಳಿಯ ದಾರಿಯೇ ಬದಲಾಗಿ ಫಲಿತಾಂಶವೂ ತಪ್ಪುತ್ತದೆ.

ಒದ್ದೆ ಟವೆಲ್ ಹಾಕಿ ಅರ್ಧ ಗಂಟೆ ಓಡಿಸಿ. ಮೀಟರ್ ದೀಪ ಜೋರಾಗಿ ಮಿನುಗಬೇಕು, ನಡುನಡುವೆ ನಿಧಾನವಾಗಬೇಕು. ಒಂದೇ ಸಮನೆ ಜೋರಾಗಿ ಮಿನುಗುತ್ತಲೇ ಇದ್ದು, ಟವೆಲ್ ಒಣಗಿದ ಮೇಲೂ ನಿಧಾನವಾಗದಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ. ತಕ್ಷಣ ಪ್ಲಗ್ ತೆಗೆಯಿರಿ.

## ಯಾವಾಗ ಕೈಬಿಟ್ಟು ದೂರ ನಿಲ್ಲಬೇಕು

ಸುಟ್ಟ ವಾಸನೆ, ಹೊಗೆ, ಮೈ ಮುಟ್ಟಿದರೆ ಶಾಕ್, ಎಂಸಿಬಿ ಅಥವಾ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುವುದು, ಬಟ್ಟೆಯ ಮೇಲೆ ಕಂದು ಕಲೆ: ಇವುಗಳಲ್ಲಿ ಒಂದು ಕಂಡರೂ ಮೇನ್ ಆಫ್ ಮಾಡಿ. ಹೊಗೆ ಬಂದರೆ ಬಾಗಿಲು ತೆರೆಯಬೇಡಿ, ಒಳಗೆ ಗಾಳಿ ಹೋದರೆ ಉರಿ ಏಳುತ್ತದೆ. ಕರೆಂಟ್ ಇರುವಾಗ ನೀರು ಸುರಿಯಬೇಡಿ.

ಕೆಲವು ಬಟ್ಟೆ ಯಾವ ಡ್ರೈಯರ್‌ಗೂ ಹೋಗಬಾರದು. ಕಳೆ ಕೊಚ್ಚುವ ಮೆಷಿನ್‌ನ ಪೆಟ್ರೋಲ್, ಆಯಿಲ್ ಬಿದ್ದ ತೋಟದ ಬಟ್ಟೆ, ರೇನ್‌ಕೋಟ್, ರಬ್ಬರ್ ಅಥವಾ ಫೋಮ್ ಇರುವುದು. ಹೋಂಸ್ಟೇಯವರು ಇನ್ನೊಂದು ಗಮನಿಸಿ: ಮಸಾಜ್ ಎಣ್ಣೆ, ಅಡುಗೆ ಎಣ್ಣೆ ಹೀರಿದ ಟವೆಲ್‌ನಲ್ಲಿ ಒಗೆದ ಮೇಲೂ ಎಣ್ಣೆ ಉಳಿದಿರುತ್ತದೆ. ಡ್ರೈಯರ್‌ನಿಂದ ಬಿಸಿಬಿಸಿ ತೆಗೆದು ರಾಶಿ ಹಾಕಿಟ್ಟರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಅಂಥ ಟವೆಲ್‌ಗಳನ್ನು ಹಗ್ಗದ ಮೇಲೇ ಹರವಿ. ಬೇರೆ ಬಟ್ಟೆಯನ್ನೂ ಕೊನೆಯ ತಣ್ಣನೆ ಗಾಳಿಯ ಹೊತ್ತು ಮುಗಿಯುವ ಮೊದಲೇ ನಿಲ್ಲಿಸಿ ಒಳಗೆ ಬಿಡಬೇಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ಬಿಸಿ ಬರಲ್ಲ" ಎಂದಷ್ಟೇ ಹೇಳಬೇಡಿ. ಮಾಡೆಲ್ ಸ್ಟಿಕ್ಕರ್‌ನ ಫೋಟೊ, ಓಡುವಾಗಿನ ವೋಲ್ಟೇಜ್, ಹೊರಬರುವ ಗಾಳಿಯ ಜೋರು, ಫ್ಯೂಸ್ ಮತ್ತು ಕಾಯಿಲ್‌ನ ಓಮ್, ಇಷ್ಟನ್ನು ಕಳಿಸಿ. ಸರಿಯಾದ ಬಿಡಿಭಾಗ ಕೈಯಲ್ಲಿ ಹಿಡಿದೇ ಅವರು ಘಟ್ಟ ಹತ್ತುತ್ತಾರೆ, ಎರಡನೇ ಸಲದ ಓಡಾಟದ ಖರ್ಚು ನಿಮ್ಮ ಬಿಲ್‌ಗೆ ಸೇರುವುದಿಲ್ಲ.